ವ್ಯಾನಿನ ತಗಡಿಗೆ ಒಳಂಗಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸಣ್ಣ ವ್ಯಾನನ್ನು ಮಲಗಿ ಏಳುವ ಗಾಡಿಯಾಗಿ ಮಾರ್ಪಡಿಸಿಕೊಳ್ಳುತ್ತಿರುವವರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಇನ್ಸುಲೇಷನ್ನಿನ, ಅಂದರೆ ಶಾಖ ತಡೆಯುವ ಒಳಹೊದಿಕೆಯ ಬಗ್ಗೆಯೇ ಇವೆ. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ. ಲೆಕ್ಕಕ್ಕೆಂದು ಒಂದೇ ಗಾಡಿಯನ್ನು ಇಟ್ಟುಕೊಂಡಿದ್ದೇವೆ: ಮುಂದಿನ ಸೀಟುಗಳ ಹಿಂದೆ 2.2 ಮೀಟರ್ ಉದ್ದ, 1.5 ಮೀಟರ್ ಅಗಲ, 1.2 ಮೀಟರ್ ಎತ್ತರದ ಜಾಗವಿರುವ, ಪಕ್ಕದ ಕಿಟಕಿಗಳಿಲ್ಲದ ಸರಕಿನ ವ್ಯಾನ್. ಚಾವಣಿ, ಎರಡು ಪಕ್ಕ, ಹಿಂಬಾಗಿಲು ಸೇರಿ ತಗಡು ಸುಮಾರು 10 ಚದರ ಮೀಟರ್. ನೆಲ 3.3. ಮುಂದಿನ ಗಾಜು, ಎರಡು ಬಾಗಿಲ ಗಾಜು, ಹಿಂದಿನ ಗಾಜು ಸೇರಿ 2 ಚದರ ಮೀಟರ್. ನಿಮ್ಮ ಗಾಡಿಯ ಅಳತೆ ಬೇರೆಯಾದರೆ ಇದೇ ಪ್ರಮಾಣದಲ್ಲಿ ಹಿಗ್ಗಿಸಿ, ಕುಗ್ಗಿಸಿಕೊಳ್ಳಿ.

ಪ್ರಶ್ನೆ: ಎಷ್ಟು ದಪ್ಪ ಹಾಕಬೇಕು? 50 ಮಿ.ಮೀ.ಗಿಂತ ಕಡಿಮೆಯಾದರೆ ದಂಡ ಎಂದು ಹೇಳುವವರಿದ್ದಾರೆ. ಅಷ್ಟು ಹಾಕಿದರೆ ನನ್ನ ಗಾಡಿಯಲ್ಲಿ ತಲೆ ಎತ್ತಿ ಕೂರುವುದಕ್ಕೂ ಆಗುವುದಿಲ್ಲ.

ಉತ್ತರ: ಚಾವಣಿಗೆ, ಪಕ್ಕಗಳಿಗೆ 20 ಮಿ.ಮೀ. ಸಾಕು. ಯಾಕೆಂದು ಲೆಕ್ಕ ಹಾಕಿಯೇ ನೋಡೋಣ. ಒಳಗೂ ಹೊರಗೂ 15 ಡಿಗ್ರಿ ವ್ಯತ್ಯಾಸವಿದೆ ಎಂದುಕೊಳ್ಳಿ. ಬರಿಯ ತಗಡಾದರೆ 10 ಚದರ ಮೀಟರಿನಿಂದ ಸುಮಾರು 880 ವ್ಯಾಟ್ ಶಾಖ ಹೊರಗೆ ಹೋಗುತ್ತದೆ. ಒಳ್ಳೆಯ ಫೋಮ್ 10 ಮಿ.ಮೀ. ಅಂಟಿಸಿದರೆ ಅದು 330ಕ್ಕೆ ಇಳಿಯುತ್ತದೆ, 20 ಮಿ.ಮೀ.ಗೆ 200, 40 ಮಿ.ಮೀ.ಗೆ 115. ಮೊದಲ 20 ಮಿ.ಮೀ. ಉಳಿಸಿದ್ದು 680 ವ್ಯಾಟ್, ಅದರ ಮೇಲೆ ಹಾಕಿದ ಇನ್ನೊಂದು 20 ಮಿ.ಮೀ. ಉಳಿಸಿದ್ದು ಬರೀ 85.

ಇನ್ನೊಂದು ಕಡೆ ಗಾಜು ನೋಡಿ. ಮುಚ್ಚದೆ ಬಿಟ್ಟ 2 ಚದರ ಮೀಟರ್ ಗಾಜೊಂದೇ ಅದೇ ವ್ಯತ್ಯಾಸದಲ್ಲಿ 175 ವ್ಯಾಟ್ ಕಳೆಯುತ್ತದೆ. 20 ಮಿ.ಮೀ. ಹೊದಿಸಿದ ಇಡೀ ತಗಡು ಕಳೆಯುವುದಕ್ಕೆ ಹೆಚ್ಚುಕಡಿಮೆ ಸಮ. ಗಾಜನ್ನು ಹಾಗೇ ಬಿಟ್ಟು ಗೋಡೆಗೆ ಪದರದ ಮೇಲೆ ಪದರ ಪೇರಿಸುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ದೊಡ್ಡ ವ್ಯಾನಿನವರು, ಹಿಮ ಬೀಳುವಲ್ಲಿ ಚಳಿಗಾಲ ಕಳೆಯುವವರು 40–50 ಮಿ.ಮೀ. ಹಾಕಲಿ, ಅವರಿಗೆ ಅದು ದಕ್ಕುತ್ತದೆ. ಸಣ್ಣ ಗಾಡಿಯಲ್ಲಿ ಪ್ರತಿ ಸೆಂಟಿಮೀಟರೂ ನಿಮ್ಮ ತಲೆಯ ಮೇಲಿನ ಜಾಗದಿಂದಲೇ ಹೋಗಬೇಕು.

ಪ್ರಶ್ನೆ: ಗ್ಲಾಸ್ ವೂಲ್, ಥರ್ಮಾಕೋಲ್, ಎಕ್ಸ್‌ಪಿಎಸ್ (ಥರ್ಮಾಕೋಲಿನದೇ ಜಾತಿಯ, ಅದಕ್ಕಿಂತ ಒತ್ತಾದ ಗಟ್ಟಿ ಫೋಮ್) ಹಲಗೆ, ಎಸಿ ಪೈಪಿಗೆ ಸುತ್ತುವ ಕಪ್ಪು ರಬ್ಬರ್ ಫೋಮ್, ಇವುಗಳಲ್ಲಿ ಯಾವುದು? ನೋಡಿದಲ್ಲೆಲ್ಲ ಒಬ್ಬೊಬ್ಬರದು ಒಂದೊಂದು ಮಾತು.

ಉತ್ತರ: ಶಾಖ ತಡೆಯುವ ಗುಣವೊಂದನ್ನೇ ನೋಡಿದರೆ ಇವು ನಾಲ್ಕಕ್ಕೂ ದೊಡ್ಡ ಅಂತರವಿಲ್ಲ. ಎಲ್ಲದರ ಶಾಖವಾಹಕತೆಯೂ (ಮೀಟರಿಗೆ, ಡಿಗ್ರಿಗೆ ಇಷ್ಟು ವ್ಯಾಟ್ ಎಂಬ ಲೆಕ್ಕ, ಕಡಿಮೆಯಿದ್ದಷ್ಟೂ ಒಳ್ಳೆಯದು) 0.030ರಿಂದ 0.040ರ ಆಸುಪಾಸು. ಪಿಐಆರ್ (ಪಾಲಿಐಸೊಸಯನುರೇಟ್ ಎಂಬ ಗಟ್ಟಿ ಫೋಮ್) ಹಲಗೆ ಮಾತ್ರ 0.022–0.026ಕ್ಕೆ ಇಳಿಯುತ್ತದೆ. ಆದರೆ ವ್ಯಾನಿನಲ್ಲಿ ತೀರ್ಪು ಕೊಡುವುದು ಈ ಅಂಕಿಯಲ್ಲ. ತಗಡಿನ ತಿರುವಿಗೆ ವಸ್ತು ಬಾಗುತ್ತದೆಯೇ, ನೀರಿನ ಆವಿಯನ್ನು ತಡೆಯುತ್ತದೆಯೇ, ಕುಲುಕಾಟ ತಾಳುತ್ತದೆಯೇ ಎಂಬುದು ಮುಖ್ಯ.

ಕಪ್ಪು ರಬ್ಬರ್ ಫೋಮ್, ಅಂದರೆ ನೈಟ್ರೈಲ್ ಫೋಮ್, ಈ ಮೂರರಲ್ಲೂ ಗೆಲ್ಲುತ್ತದೆ. ಅದರ ಗುಳ್ಳೆಗಳೆಲ್ಲ ಬಿಡಿಬಿಡಿಯಾಗಿ ಮುಚ್ಚಿಕೊಂಡಿರುತ್ತವೆ, ಅಂಗಡಿಯಲ್ಲಿ ಕ್ಲೋಸ್ಡ್ ಸೆಲ್ ಎನ್ನುತ್ತಾರೆ. ತಗಡಿಗೆ ಸಂದಿಲ್ಲದಂತೆ ಅಂಟಿಸಿದರೆ ಕೋಣೆಯ ಆವಿ ತಣ್ಣನೆಯ ಲೋಹದವರೆಗೆ ತಲುಪುವುದಿಲ್ಲ. ಹಿಂದೆಯೇ ಅಂಟು ಬಳಿದು ಕಾಗದ ಹಚ್ಚಿದ ಹಾಳೆಗಳು ಸಿಗುತ್ತವೆ. ಅದನ್ನೇ ತೆಗೆದುಕೊಳ್ಳಿ, ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಕ್ರಾಸ್‌ಲಿಂಕ್ಡ್ ಪಾಲಿಎಥಿಲೀನ್ ಫೋಮ್ ಕೂಡ ನಡೆಯುತ್ತದೆ, ಸ್ವಲ್ಪ ಬಿರುಸು, ತೀರಾ ಚೂಪಾದ ತಿರುವುಗಳಲ್ಲಿ ಎದ್ದುಬರುತ್ತದೆ.

ಗ್ಲಾಸ್ ವೂಲ್ ಬೇಡ. ಮನೆಯ ಗೋಡೆಯೊಳಗೆ ಅದು ಒಳ್ಳೆಯದೇ. ವ್ಯಾನಿನಲ್ಲಿ ಕುಲುಕಾಟಕ್ಕೆ ಕುಸಿದು ಕೆಳಗೆ ಸೇರುತ್ತದೆ. ಆವಿ ಅದರೊಳಗಿಂದ ಸಲೀಸಾಗಿ ಹಾದು ತಗಡು ಮುಟ್ಟಿ ನೀರಾಗುತ್ತದೆ. ಒದ್ದೆಯಾದ ಗ್ಲಾಸ್ ವೂಲ್ ಶಾಖವನ್ನೂ ತಡೆಯುವುದಿಲ್ಲ, ಬೇಗ ಒಣಗುವುದೂ ಇಲ್ಲ. ಥರ್ಮಾಕೋಲ್ ಅಗ್ಗ, ಆದರೆ ತಗಡಿಗೆ ಉಜ್ಜಿ ಕಿರುಗುಡುತ್ತದೆ, ಪುಡಿಯಾಗುತ್ತದೆ. ಎಕ್ಸ್‌ಪಿಎಸ್ ಗಟ್ಟಿ, ಅದರ ಜಾಗ ನೆಲ. ಕುರಿ ಉಣ್ಣೆಯ ಬಗ್ಗೆ ಇಬ್ಬರು ಕೇಳಿದ್ದಾರೆ: ತೇವ ಹೀರಿ ಮತ್ತೆ ಬಿಡುವ ಗುಣ ಅದಕ್ಕಿದೆ ನಿಜ, ಆದರೆ ಆ ಬಿಟ್ಟ ತೇವಕ್ಕೆ ಹೋಗುವ ದಾರಿ ಬೇಕು. ಸಣ್ಣ ಗಾಡಿಯ ಪ್ಯಾನೆಲ್ ಹಿಂದೆ ಅಂಥ ದಾರಿ ಇರುವುದು ಕಡಿಮೆ.

ಪ್ರಮಾಣ ಹೀಗಿಟ್ಟುಕೊಳ್ಳಿ: 20 ಮಿ.ಮೀ. ಹಾಳೆ 12 ಚದರ ಮೀಟರ್ (ಕತ್ತರಿಸಿ ಪೋಲಾಗುವ ಶೇ 15ರಷ್ಟು ಸೇರಿ), ಚಾವಣಿಯ ಅಡ್ಡಪಟ್ಟಿಗಳಿಗೆ, ಕಂಬಗಳಿಗೆ ಸುತ್ತಲು 6 ಮಿ.ಮೀ. ಹಾಳೆ 2 ಚದರ ಮೀಟರ್, ಸಂದುಗಳ ಮೇಲೆ ಹಚ್ಚಲು ಅದೇ ಜಾತಿಯ 3 ಮಿ.ಮೀ. ದಪ್ಪದ ಫೋಮ್ ಟೇಪು 30 ಮೀಟರ್. ಒಟ್ಟು ತೂಕ 10ರಿಂದ 15 ಕಿಲೋ.

ಪ್ರಶ್ನೆ: ಬೆಳ್ಳಿ ಬಣ್ಣದ ಬಬಲ್ ಫಾಯಿಲ್ ಇಡೀ ಚಾವಣಿಗೆ ಅಂಟಿಸಿದ್ದೇನೆ. ಪೊಟ್ಟಣದ ಮೇಲೆ ಶೇ 97 ಶಾಖ ಹಿಂದಕ್ಕೆ ಕಳಿಸುತ್ತದೆ ಎಂದಿದೆ. ಒಳಗೆ ಮಾತ್ರ ಕಾದ ಬಾಣಲೆ. ಯಾಕೆ?

ಉತ್ತರ: ಪೊಟ್ಟಣದ ಮಾತು ಸುಳ್ಳಲ್ಲ, ಅದು ನಿಮ್ಮ ಚಾವಣಿಗೆ ಅನ್ವಯಿಸುವುದಿಲ್ಲ ಅಷ್ಟೆ. ಫಾಯಿಲ್ ತಡೆಯುವುದು ವಿಕಿರಣವಾಗಿ ಬರುವ ಶಾಖವನ್ನು. ಅದಕ್ಕೆ ಮುಂದೆ ಬಯಲು ಬೇಕು, ಕನಿಷ್ಠ 20 ಮಿ.ಮೀ. ಗಾಳಿಯ ಜಾಗ. ತಗಡಿಗೇ ಅಂಟಿಸಿದರೆ ಶಾಖ ವಿಕಿರಣವಾಗಿ ಬರುವುದೇ ಇಲ್ಲ, ಮುಟ್ಟಿದ್ದರಿಂದಲೇ ದಾಟುತ್ತದೆ. ಆಗ ಉಳಿಯುವುದು 4 ಮಿ.ಮೀ. ಗಾಳಿಗುಳ್ಳೆಯ ಪ್ಲಾಸ್ಟಿಕ್, ಆ ದಪ್ಪಕ್ಕೆ ಎಷ್ಟು ಫಲವೋ ಅಷ್ಟೇ.

ಕಿತ್ತು ತೆಗೆಯಿರಿ. ಬಿಸಾಡಬೇಡಿ, ಕಿಟಕಿಗೆ ಮರೆ ಹೊಲಿಯಲು ಬರುತ್ತದೆ.

ಪ್ರಶ್ನೆ: ಫೋಮ್ ಅಂಟಿಸುವ ಮೊದಲು ತಗಡಿಗೆ ಏನೇನು ಮಾಡಬೇಕು?

ಉತ್ತರ: ಎಲ್ಲರೂ ಹಾರಿಸಿಬಿಡುವ ಹಂತ ಇದು. ಒಮ್ಮೆ ಫೋಮ್ ಕೂತಿತೆಂದರೆ ಅದರ ಹಿಂದೆ ಏನಾಗುತ್ತಿದೆ ಎಂದು ಕಾಣುವುದಿಲ್ಲ.

ಮೊದಲು ಸೋರಿಕೆ. ಒಳಗಿನ ಹೊದಿಕೆ ಎಲ್ಲ ಬಿಚ್ಚಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತಿರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು, ಒಂದೊಂದು ಜಾಗಕ್ಕೆ ಐದೈದು ನಿಮಿಷ. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲೆಲ್ಲೋ ಹರಿದು ಯಾವ ಸಂದಿನಿಂದ ಬಂತೆಂದು ತಿಳಿಯುವುದಿಲ್ಲ. ಗಾಜಿನ ರಬ್ಬರ್, ಚಾವಣಿಯ ಉದ್ದುದ್ದ ಹೊಲಿಗೆಯ ಕಾಲುವೆ, ಹಿಂದಿನ ದೀಪದ ಗ್ಯಾಸ್ಕೆಟ್, ಆಂಟೆನಾದ ಬುಡ, ಇವು ನಾಲ್ಕು ಮಾಮೂಲಿ ಕಳ್ಳದಾರಿಗಳು.

ಆಮೇಲೆ ತುಕ್ಕು. ತಂತಿ ಬ್ರಷ್‌ನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ. ಬ್ರಷ್ ಹೋಗದ ಕುಳಿಗಳಿಗೆ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ದ್ರವ) ಹಚ್ಚಿ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಿ. ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ. ಬಣ್ಣ ಪೂರ್ತಿ ಗಟ್ಟಿಯಾಗದೆ ಫೋಮ್ ಅಂಟಿಸಿದರೆ ಅದರೊಳಗಿನ ಥಿನ್ನರ್ ಹೊರಬರಲು ಜಾಗವಿಲ್ಲದೆ ಅಂಟನ್ನೇ ಕರಗಿಸುತ್ತದೆ. ಎರಡು ಮೂರು ದಿನ ಕಾಯುವುದು ಕ್ಷೇಮ.

ಕೊನೆಗೆ ಜಿಡ್ಡು. ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಬಟ್ಟೆಯ ಒಂದೇ ಮುಖದಲ್ಲಿ ಒರೆಸುತ್ತಾ ಹೋದರೆ ಜಿಡ್ಡನ್ನು ಹರಡಿದಂತಾಗುತ್ತದೆ, ಬಟ್ಟೆ ತಿರುಗಿಸುತ್ತಿರಿ. ಸೀಮೆಎಣ್ಣೆ, ಪೆಟ್ರೋಲ್ ಬೇಡ. ಅವು ತಾವೇ ಜಿಡ್ಡಿನ ಪದರ ಬಿಟ್ಟುಹೋಗುತ್ತವೆ, ಮುಚ್ಚಿದ ಗಾಡಿಯಲ್ಲಿ ಬೆಂಕಿಯ ಭಯ ಬೇರೆ.

ಪ್ರಶ್ನೆ: ಚಾವಣಿಗೆ ಸ್ಪ್ರೇ ಅಂಟಿನಲ್ಲಿ ಹಾಕಿದ ಫೋಮ್ ಬೇಸಿಗೆ ಬಂದ ಕೂಡಲೇ ಜೋತುಬಿತ್ತು. ಮತ್ತೆ ಅದೇ ಅಂಟು ಹೊಡೆಯಲೇ?

ಉತ್ತರ: ಬೇಡ. ಗಾಢ ಬಣ್ಣದ ಚಾವಣಿ ಬಿಸಿಲಿಗೆ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ವಿಶೇಷವೇನಲ್ಲ. ಒಳಗಿನಿಂದ ಫೋಮ್ ಹೊದಿಸಿದ ಮೇಲೆ ತಗಡಿನ ಬಿಸಿ ಒಳಕ್ಕೆ ಇಳಿಯಲಾಗದೆ ಅದು ಇನ್ನಷ್ಟು ಕಾಯುತ್ತದೆ. ಕಾಗದ, ಬಟ್ಟೆ ಅಂಟಿಸುವ ಸಾಮಾನ್ಯ ಸ್ಪ್ರೇ ಅಂಟು ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಡಬ್ಬಿಯ ಮೇಲೆ 100 ಡಿಗ್ರಿಗಿಂತ ಹೆಚ್ಚಿನ ತಾಳಿಕೆ ಬರೆದಿರುವ ಕಾಂಟ್ಯಾಕ್ಟ್ ಅಂಟು ಬೇಕು. ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆಯಿರಿ, ಅದರ ಮೇಲೆ ಹೊಸದು ಹಿಡಿಯುವುದಿಲ್ಲ.

ಹಚ್ಚುವ ಕ್ರಮದಲ್ಲೂ ತಪ್ಪಾಗುತ್ತದೆ. ತಗಡಿಗೂ ಫೋಮಿಗೂ ಎರಡಕ್ಕೂ ತೆಳ್ಳಗೆ ಹಚ್ಚಿ, ಬೆರಳಿಟ್ಟರೆ ಅಂಟದಂತೆ ಆಗುವವರೆಗೆ ಬಿಡಿ, ಸಾಮಾನ್ಯವಾಗಿ 5ರಿಂದ 15 ನಿಮಿಷ. ಹಸಿಯಿರುವಾಗಲೇ ಒತ್ತಿದರೆ ದ್ರಾವಕ ಒಳಗೇ ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ. ಕಾಂಟ್ಯಾಕ್ಟ್ ಅಂಟು ಮುಟ್ಟಿದಲ್ಲೇ ಹಿಡಿದುಬಿಡುತ್ತದೆ, ಸರಿಸಿ ಕೂರಿಸುತ್ತೇನೆ ಎಂದರೆ ಆಗದು. ಒಂದು ಅಂಚಿನಿಂದ ಶುರುಮಾಡಿ ರೋಲರಿನಲ್ಲಿ ಒತ್ತುತ್ತಾ ಹೋಗಿ. ಹಾಳೆಯನ್ನು ಎಳೆದು ಹಿಗ್ಗಿಸಿ ಅಂಟಿಸಬಾರದು, ರಬ್ಬರ್ ತನ್ನ ಅಳತೆಗೆ ಮರಳುವಾಗ ಸಂದು ಬಾಯಿಬಿಡುತ್ತದೆ. ಬದಲಿಗೆ ಪ್ರತಿ ತುಂಡನ್ನೂ 3–5 ಮಿ.ಮೀ. ದೊಡ್ಡದಾಗಿ ಕತ್ತರಿಸಿ, ಅಂಚಿಗೆ ಅಂಚು ಒತ್ತಿ ಕೂರಿಸಿ. ತಗಡು 15 ಡಿಗ್ರಿಗಿಂತ ತಣ್ಣಗಿದ್ದಾಗ, ಬಿಸಿಲಿಗೆ ಸುಡುತ್ತಿದ್ದಾಗ ಈ ಕೆಲಸ ಹಿಡಿಯಬೇಡಿ.

ಒಂದು ಎಚ್ಚರಿಕೆ: ದ್ರಾವಕವಿರುವ ಅಂಟು ಥರ್ಮಾಕೋಲನ್ನೂ ಎಕ್ಸ್‌ಪಿಎಸ್ ಹಲಗೆಯನ್ನೂ ಬೆಲ್ಲದಂತೆ ಕರಗಿಸುತ್ತದೆ. ಅವಕ್ಕೆ ಪಾಲಿಯುರಿಥೇನ್ ಅಂಟು ಬಳಸಿ. ಬಾಗಿಲೆಲ್ಲ ತೆರೆದಿಟ್ಟು, ಆವಿ ತಡೆಯುವ ಇದ್ದಿಲಿನ ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಿ.

ಪ್ರಶ್ನೆ: ಚಾವಣಿಯ ಅಡ್ಡಪಟ್ಟಿಗಳು, ಪಕ್ಕದ ಕಂಬಗಳು ಟೊಳ್ಳಾಗಿವೆ. ಡಬ್ಬಿಯಲ್ಲಿ ಬರುವ ಉಬ್ಬುವ ಫೋಮ್ ಚುಚ್ಚಿ ತುಂಬಿಸಿದರೆ ಹೇಗೆ?

ಉತ್ತರ: ದಯವಿಟ್ಟು ಬೇಡ. ಕಾರಣಗಳು ಒಂದೆರಡಲ್ಲ. ಆ ಟೊಳ್ಳುಗಳೊಳಗೆ ಸೇರುವ ನೀರು ಹೊರಹೋಗಲೆಂದೇ ತಯಾರಕರು ಕೆಳಗೆ ರಂಧ್ರ ಬಿಟ್ಟಿರುತ್ತಾರೆ. ಫೋಮ್ ಅದನ್ನು ಮುಚ್ಚಿ, ನೀರನ್ನು ಲೋಹಕ್ಕೆ ಒತ್ತಿಹಿಡಿದು, ಒಳಗಿನಿಂದ ಹೊರಕ್ಕೆ ತುಕ್ಕು ಹಿಡಿಸುತ್ತದೆ. ಆಮೇಲೆ ತುಕ್ಕು ತಡೆಯುವ ಮೇಣ ಸಿಂಪಡಿಸಲೂ ದಾರಿ ಇರುವುದಿಲ್ಲ. ಕಂಬದೊಳಗೆ ವೈರಿಂಗ್ ಇದ್ದರೆ ಶಾಶ್ವತವಾಗಿ ಸಿಮೆಂಟಿನಲ್ಲಿ ಹೂತಂತೆ. ಸೀಟ್‌ಬೆಲ್ಟಿನ ಸುರುಳಿ ಇರುವ ಕಂಬದಲ್ಲಂತೂ ಪ್ರಾಣಕ್ಕೇ ಸಂಚಕಾರ. ಇನ್ನು ಆ ಡಬ್ಬಿಯ ಫೋಮ್ ಗಟ್ಟಿಯಾಗಲು ಗಾಳಿಯ ತೇವ ಬೇಕು. ಮುಚ್ಚಿದ ಟೊಳ್ಳಿನ ನಡುವೆ ಅದು ವಾರಗಟ್ಟಲೆ ಹಸಿಯಾಗಿಯೇ ಉಳಿದು, ಆಮೇಲೆ ಯಾವಾಗಲೋ ಉಬ್ಬಿ ಹೊರತಗಡನ್ನು ಡೊಂಕು ಮಾಡಬಹುದು.

ಪಟ್ಟಿಯ ಒಳಗೆ ತುಂಬುವುದರಿಂದ ಸಿಗುವ ಲಾಭವೂ ಅಷ್ಟಕ್ಕಷ್ಟೆ. ಶಾಖ ದಾಟುವುದು ಪಟ್ಟಿಯ ಉಕ್ಕಿನ ಮೂಲಕ, ಒಳಗಿನ ಗಾಳಿಯ ಮೂಲಕವಲ್ಲ. ಉಕ್ಕಿನ ಶಾಖವಾಹಕತೆ ಸುಮಾರು 50, ಫೋಮಿನದು 0.035. ಸಾವಿರಕ್ಕೂ ಹೆಚ್ಚು ಪಟ್ಟು ಅಂತರ. ಒಳಗೆ ಎಷ್ಟು ತುಂಬಿದರೂ ಪಟ್ಟಿಯ ಮುಖ ಚಳಿಯಲ್ಲಿ ತಣ್ಣಗೇ ಇರುತ್ತದೆ. ಮಾಡಬೇಕಾದ್ದು ಅದರ ಮುಖಕ್ಕೆ 6 ಮಿ.ಮೀ. ಫೋಮ್ ಸುತ್ತಿ, ಎರಡೂ ಕಡೆಯ ದಪ್ಪ ಹಾಳೆಗೆ ಸೇರುವಂತೆ ಟೇಪು ಹಚ್ಚುವುದು. ಚಾವಣಿಯ ಪ್ಲೈವುಡ್ಡನ್ನು ಪಟ್ಟಿಗೆ ಸ್ಕ್ರೂ ಹಾಕುವುದಾದರೆ ಆ ಫೋಮಿನ ಮೇಲಿಂದಲೇ ಹಾಕಿ. ಸ್ಕ್ರೂ ಉದ್ದ ಮೊದಲೇ ಅಳೆಯಿರಿ. ಕೆಲವು ಗಾಡಿಗಳಲ್ಲಿ ಪಟ್ಟಿಯ ಮುಖಕ್ಕೂ ಹೊರ ಚಾವಣಿಗೂ ನಡುವೆ 20 ಮಿ.ಮೀ. ಕೂಡ ಇರುವುದಿಲ್ಲ. ಡ್ರಿಲ್ ಬಿಟ್ಟಿಗೆ ಟೇಪು ಸುತ್ತಿ ಗುರುತು ಮಾಡಿಕೊಳ್ಳುವುದು ಹಳೆಯ ಉಪಾಯ, ಅದಕ್ಕಿಂತ ಬಿಟ್ಟು ಹೆಚ್ಚು ಆಳಕ್ಕೆ ಇಳಿಯದಂತೆ ತಡೆಯುವ ಬಳೆ, ಡ್ರಿಲ್ ಸ್ಟಾಪ್ ವಾಸಿ. ಕೊರೆದಾಗ ಬಿದ್ದ ಕಬ್ಬಿಣದ ಚೂರುಗಳನ್ನು ಅಂದೇ ಗುಡಿಸಿ, ರಂಧ್ರದ ಅಂಚಿಗೆ ಪ್ರೈಮರ್ ಮುಟ್ಟಿಸಿ. ಇಲ್ಲವಾದರೆ ಆ ಚೂರುಗಳೇ ತುಕ್ಕಿನ ಬೀಜ.

ಪ್ರಶ್ನೆ: ಡ್ಯಾಂಪಿಂಗ್ ಹಾಳೆ ಇಡೀ ಗಾಡಿಗೆ ಹಾಕಿಸಿದರೆ ಇನ್ಸುಲೇಷನ್ ಬೇರೆ ಬೇಕಿಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ಅಲ್ಲ. ಡ್ಯಾಂಪಿಂಗ್ ಹಾಳೆ ಎಂದರೆ ಅಲ್ಯೂಮಿನಿಯಂ ಮುಖದ ಬ್ಯುಟೈಲ್ (ಮೆತ್ತನೆಯ ಅಂಟು ರಬ್ಬರ್) ಹಾಳೆ, ಅದರ ಕೆಲಸ ತಗಡಿನ ನಡುಕ ನಿಲ್ಲಿಸುವುದು. ಶಾಖಕ್ಕೆ ಅದು ಏನೂ ಮಾಡುವುದಿಲ್ಲ. ಪ್ರತಿ ದೊಡ್ಡ ತಗಡಿನ ನಡುಭಾಗದಲ್ಲಿ ಕಾಲುಭಾಗ ಮುಚ್ಚಿದರೂ ಡಬಡಬ ಸದ್ದು ನಿಲ್ಲುತ್ತದೆ. 10 ಚದರ ಮೀಟರ್ ಪೂರ್ತಿ ಮುಚ್ಚಿದರೆ 30 ಕಿಲೋ ಸುಮ್ಮನೆ ಹೊತ್ತು ತಿರುಗಬೇಕು. ಡಾಂಬರು ಜಾತಿಯ ಅಗ್ಗದ ಹಾಳೆ ಬೇಸಿಗೆಯಲ್ಲಿ ನಾರುತ್ತದೆ, ಚಾವಣಿಯಿಂದ ಇಳಿಯುತ್ತದೆ. ಹಾಕುವುದಾದರೆ ಫೋಮಿಗಿಂತ ಮೊದಲು, ನೇರ ತಗಡಿಗೆ.

ಪ್ರಶ್ನೆ: ಬಾಗಿಲುಗಳ ಒಳಗೂ ಹಾಕಬಹುದೇ?

ಉತ್ತರ: ಗಾಜು ಇಳಿಯುವ ಬಾಗಿಲಿನ ಒಳಗೆ ಮಳೆನೀರು ಇಳಿದೇ ಇಳಿಯುತ್ತದೆ. ಗಾಜಿನ ಪಕ್ಕದಿಂದ ಒಳಬಂದು ತಳದ ರಂಧ್ರಗಳಿಂದ ಹೊರಹೋಗುವಂತೆಯೇ ಅದನ್ನು ಕಟ್ಟಿರುತ್ತಾರೆ. ಹೊರತಗಡಿನ ಒಳಮುಖಕ್ಕೆ 10 ಮಿ.ಮೀ. ನೈಟ್ರೈಲ್ ಅಂಟಿಸಬಹುದು, ಆದರೆ ಗಾಜನ್ನು ಪೂರ್ತಿ ಇಳಿಸಿ ಏರಿಸಿ ತಾಗುವುದಿಲ್ಲವೆಂದು ನೋಡಿಕೊಂಡೇ. ತಳದ ಒಂದು ಗೇಣು ಖಾಲಿ ಬಿಡಿ. ನಾರಿನ ವಸ್ತು ಯಾವುದೂ ಬೇಡ, ಒದ್ದೆ ಸ್ಪಂಜಿನಂತೆ ಕೂತಿರುತ್ತದೆ. ಒಳಗೆ ಅಂಟಿಸಿರುವ ಪ್ಲಾಸ್ಟಿಕ್ ಪರದೆ ಕಸವಲ್ಲ, ಅದೇ ನೀರನ್ನು ನಿಮ್ಮ ಕಾಲಬುಡಕ್ಕೆ ಬರದಂತೆ ತಡೆಯುವುದು. ಬಿಚ್ಚಿದರೆ ಮತ್ತೆ ಬ್ಯುಟೈಲ್ ಹಗ್ಗದಲ್ಲಿ ಕೂರಿಸಿ.

ಪಕ್ಕದ ಏರ್‌ಬ್ಯಾಗ್ ಇರುವ ಗಾಡಿಯಾದರೆ ಚಾವಣಿಯ ಅಂಚು, ಕಂಬದ ಹೊದಿಕೆ, ಸೀಟಿನ ಪಕ್ಕ ಮುಟ್ಟಬೇಡಿ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅಲ್ಲಿಗೆ ಕೈ ತೆಗೆಯಿರಿ.

ಪ್ರಶ್ನೆ: ನೆಲಕ್ಕೆ ಎಷ್ಟು, ಹೇಗೆ? ಎತ್ತರ ಕಳೆದುಕೊಳ್ಳಲು ಮನಸ್ಸಿಲ್ಲ.

ಉತ್ತರ: 10 ಮಿ.ಮೀ. ಎಕ್ಸ್‌ಪಿಎಸ್, ಮೇಲೆ 9 ಮಿ.ಮೀ. ಮೆರೈನ್ ಪ್ಲೈವುಡ್. ಒಟ್ಟು 2 ಸೆಂಟಿಮೀಟರಿಗೂ ಕಡಿಮೆ. ಪ್ಲೈವುಡ್ 18 ಕಿಲೋ ತೂಗುತ್ತದೆ. ಎಕ್ಸ್‌ಪಿಎಸ್ ಒತ್ತಡ ತಾಳಿಕೆ 300 ಕಿಲೋಪಾಸ್ಕಲ್ ಇರಲಿ, ಇಲ್ಲವಾದರೆ ಮಂಡಿಯೂರಿದಲ್ಲೆಲ್ಲ ತಗ್ಗು ಬೀಳುತ್ತದೆ. ವ್ಯಾನಿನ ನೆಲದಲ್ಲಿ ಉದ್ದಕ್ಕೆ ಏರುತಗ್ಗುಗಳಿರುತ್ತವೆ. ತಗ್ಗಿನ ಅಗಲಕ್ಕೆ ಫೋಮ್ ಪಟ್ಟಿ ಕತ್ತರಿಸಿ ತುಂಬಿ ಸಮ ಮಾಡಿಕೊಂಡ ಮೇಲೆ ಹಲಗೆ ಹಾಸಿ. ಹಾಗೇ ಬಿಟ್ಟರೆ ಆ ಕಾಲುವೆಗಳಲ್ಲಿ ನೀರು ನಿಂತರೂ ಗೊತ್ತಾಗುವುದಿಲ್ಲ.

ನೆಲಕ್ಕೆ ಸ್ಕ್ರೂ ಹೊಡೆಯಬೇಡಿ. ಕೆಳಗೆ ಇಂಧನ ಟ್ಯಾಂಕ್, ಬ್ರೇಕ್ ಪೈಪು, ವೈರುಗಳಿವೆ. ಪಾಲಿಯುರಿಥೇನ್ ಅಂಟಿನ ಗೆರೆಗಳು ಸಾಕು, ಮೇಲೆ ಒಂದು ರಾತ್ರಿ ಭಾರ ಹೇರಿಡಿ. ಸರಕು ಕಟ್ಟುವ ಕೊಂಡಿಗಳು ಮೊದಲೇ ಇದ್ದರೆ ಅವುಗಳ ಬೋಲ್ಟಿನ ರಂಧ್ರವನ್ನೇ ಬಳಸಿಕೊಳ್ಳಿ. ಪ್ಲೈವುಡ್‌ನ ಆರೂ ಮುಖಕ್ಕೆ, ಕತ್ತರಿಸಿದ ಅಂಚಿಗೆ ಎರಡು ಸಲ ವಾರ್ನಿಷ್. ನೀರು ಕುಡಿಯುವುದು ಅಂಚಿನಿಂದಲೇ.

ಪ್ರಶ್ನೆ: ವೈರಿಂಗ್ ಫೋಮಿನ ಹಿಂದೆಯೋ ಮುಂದೆಯೋ?

ಉತ್ತರ: ಮುಂದೆ, ಕಾಂಡೂಟ್ (ವೈರ್ ಹಾಯಿಸುವ ಕೊಳವೆ) ಒಳಗೆ. ಫೋಮಿನೊಳಗೆ ಹೂತ ವೈರಿಗೆ ತನ್ನ ಬಿಸಿ ಬಿಡಲು ಜಾಗವಿರುವುದಿಲ್ಲ. ಹೊರಗಿದ್ದಾಗ ಸಲೀಸಾಗಿ ಹೊರುವ ಕರೆಂಟಿಗೆ ಅದು ಅಲ್ಲಿ ಸುಡಬಹುದು. ಹೂಳುವುದು ಅನಿವಾರ್ಯವಾದರೆ ಒಂದು ಅಳತೆ ದಪ್ಪದ ವೈರ್ ಹಾಕಿ. ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ: ಪಿವಿಸಿ ಹೊದಿಕೆಯ ವೈರ್ ಥರ್ಮಾಕೋಲಿಗೋ ಎಕ್ಸ್‌ಪಿಎಸ್‌ಗೋ ತಾಗಿಕೊಂಡಿದ್ದರೆ, ಪಿವಿಸಿಯನ್ನು ಮೆದುವಾಗಿಡುವ ಎಣ್ಣೆಯಂಥ ಅಂಶ ಫೋಮಿಗೆ ಇಳಿದು ಹೊದಿಕೆ ಕಾಲಕ್ರಮೇಣ ಬಿರುಸಾಗಿ ಬಿರುಕು ಬಿಡುತ್ತದೆ. ನಡುವೆ ಕಾಂಡೂಟ್ ಇರಲೇಬೇಕು.

ಪ್ರಶ್ನೆ: ಎಲ್ಲ ಹಾಕಿ ಮುಗಿಸಿದ್ದೇವೆ, ಸಂದಿಲ್ಲದಂತೆ. ಆದರೂ ಇಬ್ಬರು ಮಲಗಿ ಎದ್ದರೆ ಗಾಜೆಲ್ಲ ಬೆವರಿ ನೀರು ಇಳಿಯುತ್ತದೆ, ಹಾಸಿಗೆಯ ಅಡಿ ಬೂಷ್ಟು. ಇನ್ಸುಲೇಷನ್ ಕಡಿಮೆಯಾಯಿತೇ?

ಉತ್ತರ: ಕಡಿಮೆಯಾಗಿಲ್ಲ. ನೀರು ಬರುತ್ತಿರುವುದು ನಿಮ್ಮಿಂದಲೇ. ಮಲಗಿದ ಒಬ್ಬರು ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 40 ಗ್ರಾಂ ಆವಿ ಬಿಡುತ್ತಾರೆ. ಇಬ್ಬರು ಎಂಟು ಗಂಟೆ ಮಲಗಿದರೆ ಅರ್ಧ ಲೀಟರಿಗೂ ಮೇಲೆ. ಮುಂದಿನ ಸೀಟಿನ ಜಾಗವೂ ಸೇರಿ ಗಾಡಿಯೊಳಗಿನ ಗಾಳಿ 6 ಘನ ಮೀಟರ್ ಇರಬಹುದು. 20 ಡಿಗ್ರಿಯಲ್ಲಿ ಅಷ್ಟು ಗಾಳಿ ಹಿಡಿದಿಡಬಲ್ಲ ಆವಿ ಹೆಚ್ಚೆಂದರೆ 100 ಗ್ರಾಂ ಚಿಲ್ಲರೆ, ಅದರಲ್ಲಿ ಅರ್ಧ ಮೊದಲೇ ತುಂಬಿರುತ್ತದೆ. ಎಲ್ಲ ಮುಚ್ಚಿ ಮಲಗಿದರೆ ಒಂದು ಗಂಟೆಯೊಳಗೇ ಗಾಳಿ ತುಂಬಿ ತುಳುಕುತ್ತದೆ. ಆಮೇಲೆ ಬಿಟ್ಟ ಆವಿಯೆಲ್ಲ ಅತಿ ತಣ್ಣನೆಯ ಜಾಗ ಹುಡುಕಿಕೊಂಡು ಹೋಗಿ ನೀರಾಗಬೇಕು. ನೀವು ತಗಡನ್ನು ಮುಚ್ಚಿದ್ದೀರಿ, ಉಳಿದದ್ದು ಗಾಜು.

20 ಡಿಗ್ರಿ, ಶೇ 60 ಆರ್ದ್ರತೆಯ ಗಾಳಿ 12 ಡಿಗ್ರಿಯ ಮೇಲ್ಮೈ ಮುಟ್ಟಿದರೆ ನೀರು ಬಿಡಲು ಶುರುಮಾಡುತ್ತದೆ. ಚಳಿಯ ರಾತ್ರಿಯಲ್ಲಿ ಒಂಟಿ ಗಾಜು ಅದಕ್ಕಿಂತ ತಣ್ಣಗಿರುತ್ತದೆ. ಇನ್ಸುಲೇಷನ್ ತೇವವನ್ನು ಎಲ್ಲಿಗೂ ಕಳಿಸುವುದಿಲ್ಲ, ಅದು ಎಲ್ಲಿ ಕೂರಬೇಕೆಂದು ಮಾತ್ರ ಬದಲಿಸುತ್ತದೆ. ಹೊರಗೆ ಕಳಿಸಬೇಕಾದ್ದು ಗಾಳಿ. ಇಬ್ಬರಿಗೆ ಗಂಟೆಗೆ 50 ಘನ ಮೀಟರ್‌ನಷ್ಟು ಗಾಳಿ ಬದಲಾದರೆ ಚಳಿಗಾಲದಲ್ಲೂ ಗಾಡಿ ಬಹುಮಟ್ಟಿಗೆ ಒಣಗಿರುತ್ತದೆ. 12 ವೋಲ್ಟಿನ 120 ಮಿ.ಮೀ. ಕಂಪ್ಯೂಟರ್ ಫ್ಯಾನ್ ಜಾಲರಿ, ಸೊಳ್ಳೆಪರದೆ ದಾಟಿಯೂ ಹೆಚ್ಚುಕಡಿಮೆ ಇಷ್ಟನ್ನು ತಳ್ಳುತ್ತದೆ, ತಿನ್ನುವುದು 2–3 ವ್ಯಾಟ್. ಅದನ್ನು ಚಾವಣಿಯಲ್ಲೋ ಹಿಂದಿನ ಮೇಲ್ಭಾಗದಲ್ಲೋ ಹೊರಮುಖವಾಗಿ ಕೂರಿಸಿ, ಎದುರು ತುದಿಯಲ್ಲಿ ಕೆಳಗಿನಿಂದ ಗಾಳಿ ಒಳಬರಲು ಅಂಗೈ ಅಗಲದ ದಾರಿ ಬಿಡಿ. ಫ್ಯಾನ್ ಇದ್ದು ಒಳಬರುವ ದಾರಿ ಇಲ್ಲದಿದ್ದರೆ ಅದು ಸುಮ್ಮನೆ ತಿರುಗುತ್ತದೆ.

ಹಾಸಿಗೆಯ ಅಡಿಯ ಬೂಷ್ಟಿಗೆ ಹಲಗೆಯಲ್ಲಿ 25 ಮಿ.ಮೀ. ರಂಧ್ರಗಳನ್ನು ಗೇಣಿಗೊಂದರಂತೆ ಕೊರೆಯಿರಿ, ಇಲ್ಲವೇ ಹಲಗೆ ಬದಲಿಗೆ ಪಟ್ಟಿಗಳ ಮಂಚ ಮಾಡಿ. ಬೆಳಿಗ್ಗೆ ಹಾಸಿಗೆ ಎತ್ತಿ ನಿಲ್ಲಿಸಿ.

ಒಳಗೆ ಗ್ಯಾಸ್ ಒಲೆ ಹಚ್ಚುವವರಿಗೆ: ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 1.6 ಕಿಲೋ ನೀರಿನ ಆವಿ ಹುಟ್ಟುತ್ತದೆ. ಪಾತ್ರೆಯಲ್ಲಿ ಕುದಿಯುವುದು ಬೇರೆ. ಚಳಿ ಕಾಯಿಸಲು ಒಲೆ ಹಚ್ಚಿಟ್ಟು ಮಲಗುವುದಂತೂ ಕಾರ್ಬನ್ ಮಾನಾಕ್ಸೈಡಿಗೆ ಕೊರಳು ಒಡ್ಡಿದಂತೆ. ಸಂದಿಲ್ಲದಂತೆ ಇನ್ಸುಲೇಟ್ ಮಾಡಿದ ಗಾಡಿಯಲ್ಲಿ ಆ ಅಪಾಯ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ಮಾನಾಕ್ಸೈಡ್ ಅಲಾರಂ ಹಾಕಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಶೇಖರವಾಗುತ್ತದೆ. ಸಿಲಿಂಡರ್ ಪೆಟ್ಟಿಗೆಯ ತಳದಿಂದ ನೇರ ಹೊರಗೆ ತೆರೆಯುವ ರಂಧ್ರ ಇರಬೇಕು, ನೆಲದ ಫೋಮ್ ಹಾಸುವಾಗ ಅದನ್ನು ಮುಚ್ಚಿಬಿಡಬೇಡಿ.

ಪ್ರಶ್ನೆ: ಗಾಜಿಗೆ ಮರೆ ಹೇಗೆ ಮಾಡುವುದು? ಮಾರುಕಟ್ಟೆಯವು ಯಾವುದೂ ಸರಿಯಾಗಿ ಕೂರುತ್ತಿಲ್ಲ.

ಉತ್ತರ: ಗಾಜಿಗೆ ದಿನಪತ್ರಿಕೆ ಅಂಟಿಸಿ, ಅಂಚಿನ ಗುಂಟ ಗೆರೆ ಎಳೆದು ಅಚ್ಚು ತೆಗೆಯಿರಿ. ಅದಕ್ಕಿಂತ ಸುತ್ತಲೂ 5 ಮಿ.ಮೀ. ದೊಡ್ಡದಾಗಿ 10 ಮಿ.ಮೀ. ಪಾಲಿಎಥಿಲೀನ್ ಫೋಮ್ ಕತ್ತರಿಸಿ. ಹೊರಮುಖಕ್ಕೆ ಬೆಳ್ಳಿ ಫಾಯಿಲ್, ಒಳಮುಖಕ್ಕೆ ಗಾಢ ಬಟ್ಟೆ. ದೊಡ್ಡದಾಗಿ ಕತ್ತರಿಸಿದ್ದರಿಂದ ಚೌಕಟ್ಟಿಗೆ ಒತ್ತಿ ತಾನೇ ನಿಲ್ಲುತ್ತದೆ. ಸುತ್ತ ಉಕ್ಕಿನ ಚೌಕಟ್ಟು ಬರಿದಾಗಿದ್ದರೆ ಅಂಚಿನಲ್ಲಿ ಒಂದೊಂದು ಗೇಣಿಗೆ ಆಯಸ್ಕಾಂತ ಹೊಲಿಯಿರಿ. ಅಂಚಿನಲ್ಲಿ ಸಂದಿದ್ದರೆ ಗಾಜಿನ ಬಳಿ ತಣ್ಣಗಾದ ಗಾಳಿ ಕೆಳಗಿಂದ ಇಳಿದು, ಮೇಲಿಂದ ಬಿಸಿ ಗಾಳಿಯನ್ನು ಎಳೆದುಕೊಳ್ಳುತ್ತಾ ಇಡೀ ರಾತ್ರಿ ಸುತ್ತುತ್ತದೆ, ಮರೆ ಇದ್ದೂ ಇಲ್ಲದಂತೆ.

ಚಳಿಗೆ ಒಳಗಿನ ಮರೆ ಸಾಕು. ಬಿಸಿಲಿಗೆ ಹೊರಗಿನದೇ ಮೇಲು. ಗಾಜು ದಾಟಿ ಒಳಬಂದ ಬಿಸಿಲಿನಲ್ಲಿ ಫಾಯಿಲ್ ಒಂದಷ್ಟನ್ನು ಹಿಂದಕ್ಕೆ ಕಳಿಸುತ್ತದೆ, ಉಳಿದದ್ದು ಗಾಜಿಗೂ ಮರೆಗೂ ನಡುವೆ ಸಿಕ್ಕಿಕೊಂಡು ಕಾಯುತ್ತದೆ. ಮುಂದಿನ ಗಾಜಿಗಾದರೂ ಹೊರಗಿನಿಂದ ಹಾಕಿ ಬಾಗಿಲಿಗೆ ಸಿಕ್ಕಿಸುವ ಮರೆ ಮಾಡಿಕೊಳ್ಳಿ.

ಪ್ರಶ್ನೆ: ನನಗೆ ಚಳಿಯ ಚಿಂತೆಯಿಲ್ಲ, ಸೆಕೆಯದೇ. ಹಗಲೆಲ್ಲ ಬಿಸಿಲಲ್ಲಿ ನಿಂತ ಗಾಡಿ ರಾತ್ರಿ ಹತ್ತಾದರೂ ತಣಿಯುವುದಿಲ್ಲ. ಇನ್ಸುಲೇಷನ್ ಹಾಕಿದ ಮೇಲೆ ಇನ್ನೂ ಜಾಸ್ತಿ ಅನ್ನಿಸುತ್ತದೆ.

ಉತ್ತರ: ಅನ್ನಿಸುವುದಷ್ಟೇ ಅಲ್ಲ, ನಿಜವೂ ಹೌದು. ಇನ್ಸುಲೇಷನ್ ಬಿಸಿಯನ್ನು ಒಳಬರಲು ಬಿಡದಂತೆ ಹೊರಹೋಗಲೂ ಬಿಡುವುದಿಲ್ಲ. ಹಗಲು ಗಾಜಿನಿಂದ ನುಗ್ಗಿದ ಶಾಖ ಹಾಸಿಗೆ, ಪ್ಲೈವುಡ್, ಕಪಾಟುಗಳಲ್ಲಿ ಕೂತಿರುತ್ತದೆ. ಬರಿಯ ತಗಡಿನ ಗಾಡಿ ಹೊತ್ತು ಮುಳುಗಿದ ಅರ್ಧ ಗಂಟೆಗೆ ತಣಿಯುತ್ತದೆ, ನಿಮ್ಮದು ತಣಿಯದು. ಮೇಲೆ ಇಬ್ಬರು ಮಲಗಿದರೆ 150 ವ್ಯಾಟ್ ಹೀಟರ್ ಹಚ್ಚಿಟ್ಟಂತೆ. ಗಾಳಿಯಾಡದಂತೆ ಮುಚ್ಚಿದರೆ ಅಷ್ಟರಿಂದಲೇ ಒಳಗೆ ಐದಾರು ಡಿಗ್ರಿ ಏರುತ್ತದೆ.

ಹಗಲು ಗಾಜಿಗೆ ಹೊರಮರೆ ಹಾಕಿ, ನೆರಳಲ್ಲಿ ನಿಲ್ಲಿಸಿ. ಚಾವಣಿಗೆ ಬಿಳಿ ಬಣ್ಣ ಹೊಡೆಸುವುದು ಇನ್ನೊಂದು 20 ಮಿ.ಮೀ. ಫೋಮಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಕಡು ಬಣ್ಣ ಬಿಸಿಲಿನ ಬಹುಪಾಲನ್ನು ಕುಡಿದರೆ ಬಿಳಿ ಬಹುಪಾಲನ್ನು ಹಿಂದಿರುಗಿಸುತ್ತದೆ. ಸೋಲಾರ್ ಪ್ಯಾನೆಲ್ ಹಾಕುವವರು ಚಾವಣಿಯಿಂದ 3–4 ಸೆಂಟಿಮೀಟರ್ ಎತ್ತಿ ಕೂರಿಸಿದರೆ ಅದೇ ಕೊಡೆಯಾಗುತ್ತದೆ. ಸಂಜೆ ಹೊರಗಿನ ಗಾಳಿ ಒಳಗಿನದಕ್ಕಿಂತ ತಣ್ಣಗಾದ ಕ್ಷಣಕ್ಕೆ ಬಾಗಿಲುಗಳನ್ನು ಹಾರುಹೊಡೆದು, ಹಾಸಿಗೆ ಎತ್ತಿ, ಫ್ಯಾನನ್ನು ಪೂರ್ತಿ ವೇಗಕ್ಕೆ ಇಡಿ, ಕನಿಷ್ಠ ಅರ್ಧ ಗಂಟೆ. ಇಲ್ಲಿ ಕಂಪ್ಯೂಟರ್ ಫ್ಯಾನ್ ಸಾಲದು, ಚಾವಣಿಯ ದೊಡ್ಡ ಫ್ಯಾನ್ ಬೇಕು.

ಪ್ರಶ್ನೆ: ಹೊದಿಕೆ ಎಲ್ಲ ಮುಗಿದ ಮೇಲೆ ಚಾವಣಿಯ ಒಂದು ಮೂಲೆಯಲ್ಲಿ ಕಂದು ಕಲೆ. ಸೋರಿಕೆಯೋ, ಹಬೆ ನೀರೋ?

ಉತ್ತರ: ಮಳೆ ಬಂದ ರಾತ್ರಿ ಗಾಡಿಯಲ್ಲಿ ಯಾರೂ ಮಲಗದೆ ಇದ್ದಾಗ ಕಲೆ ಹಸಿಯಾದರೆ ಸೋರಿಕೆ. ಮಳೆಯಿಲ್ಲದ ಚಳಿ ರಾತ್ರಿ, ಮಲಗಿ ಎದ್ದಾಗ ಹಸಿಯಾದರೆ ಹಬೆ. ಸೋರಿಕೆಯಾದರೆ ಕಲೆ ಇರುವ ಜಾಗದಲ್ಲಿ ಹುಡುಕಬೇಡಿ. ಚಾವಣಿ ಇಳಿಜಾರಾಗಿರುವುದರಿಂದ ತೂತು ಸಾಮಾನ್ಯವಾಗಿ ಎತ್ತರದ ಕಡೆಗೆ, ಒಂದು ಮೀಟರ್ ಆಚೆಯೂ ಇರಬಹುದು. ಹಬೆಯಾದರೆ ಆ ಮೂಲೆಯಲ್ಲೇ ಪ್ಯಾನೆಲ್ ಬಿಚ್ಚಿ ನೋಡಿ, ಟೇಪು ಎದ್ದಿರುತ್ತದೆ ಇಲ್ಲವೇ ಒಂದು ಸ್ಕ್ರೂ ಬರಿಯ ಉಕ್ಕಿಗೆ ಕಚ್ಚಿರುತ್ತದೆ. ಆಲ್ಕೋಹಾಲಿನಲ್ಲಿ ಒರೆಸಿ, ಒಂದು ದಿನ ಒಣಗಲು ಬಿಟ್ಟು, ಹೊಸ ಟೇಪು ಹಚ್ಚಿ. ಸ್ಕ್ರೂ ತಲೆಯ ಮೇಲೆ ನಾಣ್ಯದಗಲ ಫೋಮ್ ಬಿಲ್ಲೆ ಅಂಟಿಸಿದರೆ ಅಲ್ಲಿ ಮತ್ತೆ ಹನಿ ಕೂರುವುದಿಲ್ಲ.